ಸೌದಾಮಿನಿಯವರು ಕೊಟ್ಟ ಶ್ರುತಿ

ಮಂಗಳೂರಿನ ಸೌದಾಮಿನಿಯವರು ಚರ್ಚಿನಲ್ಲಿ ಭಕ್ತಿಗೀತೆ ಹಾಡತೊಡಗಿದ್ದು ೧೯೫೩ರಲ್ಲಿ. ೧೯೭೧ರಲ್ಲಿ ಅಮೆರಿಕದ ಹೇವರ್ಡ್‌ಗೆ ಬಂದ ಮೇಲೆ ಗಂಡ ದೇವದಾಸ್, ತಂಗಿ ಗುಲಾಬಿ, ಮಗಳು ಸುಕನ್ಯಾ ಸೇರಿ ಕುಟುಂಬದ್ದೇ ತಂಡವಾಯಿತು. ವಾದ್ಯವಿಲ್ಲದೆ, ಒಬ್ಬೊಬ್ಬರು ಒಂದೊಂದು ಸ್ವರದಲ್ಲಿ ಒಟ್ಟಿಗೆ ಹಾಡುವ ಗಾಯನ; ಮೇಲಿನ ಸ್ವರ ಸದಾ ಸೌದಾಮಿನಿಯವರದು, ತೀರಾ ಕೆಳಗಿನದು ದೇವದಾಸರದು.

೧೯೮೪ರ ಅಕ್ಟೋಬರ್ ೧೪, ಭಾನುವಾರ. ಮಾರ್ಚ್‌ನಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅವರು ಸಭೆಯ ಮುಂದೆ ನಿಂತದ್ದು ಅಂದೇ ಮೊದಲು. ಧ್ವನಿ ಒಡೆದರೆ ಇನ್ನೆಂದೂ ಹಾಡುವುದಿಲ್ಲವೆಂದು ಮನೆಯಲ್ಲಿ ಹೇಳಿದ್ದರು. ಅಕ್ಕನನ್ನು ಉಳಿಸಲೆಂದು ಗುಲಾಬಿ, ಯಾರಿಗೂ ತಿಳಿಸದೆ, ಎರಡು ಸ್ವರ ತಗ್ಗಿಸಿ ಶ್ರುತಿ ಕೊಟ್ಟರು.

“ಇಷ್ಟು ಇಳಿಸಿದರೆ ನಾನು ನೆಲಮಾಳಿಗೆಗೆ ಹೋಗಿ ಹಾಡಬೇಕು, ಮಾರಾಯ್ತಿ,” ಎಂದು ದೇವದಾಸ್ ಪಿಸುಗುಟ್ಟಿದರು.

“ಅಕ್ಕನ ಗಂಟಲು ನೋಡಿ ಭಾವ, ನಿಮ್ಮದಲ್ಲ.”

ಅದು ಸೌದಾಮಿನಿಯವರ ಕಿವಿಗೆ ಬಿತ್ತು. ಮುಖ ಕೆಂಪೇರಿತು. ಅವರು ಹಳೆಯ ಶ್ರುತಿಯನ್ನೇ ಗುನುಗಿದರು. ಧ್ವನಿ ನಡುವೆಯೇ ಒಡೆಯಿತು. ಗುಲಾಬಿ ಕಣ್ಣು ಮುಚ್ಚಿಕೊಂಡರು.

ಸೌದಾಮಿನಿಯವರು ಮಗಳತ್ತ ತಿರುಗಿದರು. “ಸುಕನ್ಯಾ, ಮೇಲಿನದು ನೀನು ಹಾಡು.”

“ಅಮ್ಮಾ, ಐ ಕಾಂಟ್!”

“ಶ್ರುತಿ ಕೊಟ್ಟಾಯಿತಲ್ಲ, ಎತ್ತಿಕೋ,” ಎಂದ ಸೌದಾಮಿನಿಯವರು ತಂಗಿಯ ಪಕ್ಕಕ್ಕೆ ಸರಿದು ನಿಂತರು.

ಮಗಳು ಮೇಲಿನ ಸ್ವರ ಎತ್ತಿಕೊಂಡಳು. ತಾಯಿ ಗುಲಾಬಿಯೊಡನೆ ಕೆಳಸ್ವರದಲ್ಲಿ ಸೇರಿಕೊಂಡರು. ಕೊನೆಯದಾಗಿ ಹಾಡಿದ ೧೯೮೯ರ ಕ್ರಿಸ್ಮಸ್‌ವರೆಗೂ ಅದೇ ಜಾಗದಲ್ಲಿ ನಿಂತು ಹಾಡಿದರು.