ಶಕ್ತಿ ಗುಳಿಗೆ

ಬನಹಟ್ಟಿಯ ನನ್ನ ಔಷಧಿ ಅಂಗಡಿಗೆ ಮಗ್ಗದ ಕೆಲಸ ಮುಗಿಸಿ ಬರುವವರು ಹೆಚ್ಚಾಗಿ ಕೇಳುವುದು ಶಕ್ತಿ ಗುಳಿಗೆ. ಸುಸ್ತಿಗೂ ಅದೇ, ಕೈಕಾಲು ನೋವಿಗೂ ಅದೇ. ಡಬ್ಬಿಯ ಮೇಲೆ ಆಂಟಿಆಕ್ಸಿಡೆಂಟ್ ಎಂದು ಬರೆದಿರುತ್ತದೆ. ‘ಜೀವಕೋಶ ಸಾಯದಂಗ ಕಾಯ್ತೈತ್ರಿ’ ಎಂದು ನಾನೂ ದೊಡ್ಡ ಪಂಡಿತನಂತೆ ಹೇಳುತ್ತಿದ್ದೆ. ಓದಿದ್ದು ಡಬ್ಬಿಯ ಹಿಂಭಾಗ ಮಾತ್ರ.

ಬೀಳಗಿಗೆ ಕೊಟ್ಟ ನನ್ನ ಅಕ್ಕನಿಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆ ಮಾಡಿಸಿದರೆ ಲಿಂಫೋಮಾ ಎಂದರು. ರೋಗದ ಜೊತೆ ಕಾದಾಡಬೇಕಾದ ಬಿಳಿ ರಕ್ತಕಣಗಳೇ ಕೆಟ್ಟು, ಸಾಯುವ ಹೊತ್ತಿಗೆ ಸಾಯದೆ ಬೆಳೆಯುತ್ತಲೇ ಹೋಗುವ ಕ್ಯಾನ್ಸರ್ ಅದು. ಕೀಮೋ ಶುರುವಾದ ಮೇಲೆ ಅಕ್ಕ ಒಣಗಿಹೋದಳು. ನಮ್ಮ ಕಡೆ ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವಂತಿಲ್ಲ. ಉಳಿದವರು ಮೋಸಂಬಿ, ಬ್ರೆಡ್ಡು ಒಯ್ದರು. ನಾನು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಶಕ್ತಿ ಗುಳಿಗೆ ಒಯ್ದು, ಹೊತ್ತಿಗೆ ಎರಡು ನುಂಗು ಎಂದೆ. ಅದರಲ್ಲಿ ಪ್ರೀತಿಯೂ ಇತ್ತು, ಹಮ್ಮೂ ಇತ್ತು.

ನಾಲ್ಕನೆಯ ಕೀಮೋ ಆದರೂ ಗಂಟು ಕರಗಲಿಲ್ಲ. ಆ ಸಲ ದವಾಖಾನೆಗೆ ನಾನೂ ಹೋಗಿದ್ದೆ. ಬೇರೆ ಔಷಧ ಏನಾದರೂ ತಗೊಳ್ತೀರೇನು ಎಂದು ಡಾಕ್ಟರರು ಎಂದಿನಂತೆ ಕೇಳಿದರು. ‘ಇಲ್ರಿ’ ಎಂದಳು ಅಕ್ಕ.

‘ಗುಳಗಿ ನುಂಗಾಕತ್ತೀಯಲ್ಲ ಯಕ್ಕಾ?’ ಎಂದೆ ನಾನು.

‘ಅದು ಔಷಧ ಅಲ್ಲೋ ತಮ್ಮಾ, ಶಕ್ತಿ ಗುಳಗಿ.’

ಅವಳು ಸುಳ್ಳು ಹೇಳಿರಲಿಲ್ಲ. ನಮ್ಮಲ್ಲಿ ಔಷಧವೆಂದರೆ ರೋಗಕ್ಕೆ. ಶಕ್ತಿ ಗುಳಿಗೆ ಹಾಲು ತುಪ್ಪದ ಲೆಕ್ಕ. ಹಾಗೆ ಹೇಳಿ ಹೇಳಿ ಮಾರಿದವನು ನಾನೇ.

ಡಾಕ್ಟರರು ನನ್ನನ್ನು ಹೊರಗೆ ಕರೆದರು. ‘ಕೆಟ್ಟ ಕಣ ತನ್ನನ್ನ ತಾನ ಕೊಂದುಕೊಳ್ಳೂ ಹಂಗ ಮಾಡೂದು ನಮ್ಮ ಔಷಧದ ಕೆಲಸರಿ. ಅದಕ್ಕ ಒಳಗ ಪೆಟ್ಟು ಬೀಳಬೇಕು. ನಿಮ್ಮ ಗುಳಗಿ ಆ ಪೆಟ್ಟು ತಪ್ಪಸಬಹುದು. ಒಳ್ಳೆ ಕಣ ಯಾವ್ದು, ಕೆಟ್ಟದ್ದು ಯಾವ್ದು, ಅದಕ್ಕೇನು ಗೊತ್ತು?’

‘ಅದರಿಂದನ ಹಿಂಗಾತೇನ್ರಿ?’

‘ಹೇಳಾಕ ಬರಂಗಿಲ್ರಿ. ಇವತ್ತಿಂದ ಬಂದ್ ಮಾಡ್ರಿ.’

ಹೌದು ಎಂದು ಬಾಯಿಗೆ ಬಂದಂತೆ ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಹೇಳಲು ಬರುವುದಿಲ್ಲ ಎಂದದ್ದು ಇಂದಿಗೂ ಹೊಟ್ಟೆಯಲ್ಲಿ ಕೂತಿದೆ.

ಗುಳಿಗೆ ನಿಲ್ಲಿಸಿದೆ. ಕಾರಣ ಹೇಳುವ ಧೈರ್ಯವಾಗದೆ, ಮಾಲು ಬಂದಿಲ್ಲ ಎಂದೆ. ಡಾಕ್ಟರರು ಕೀಮೋದ ಔಷಧ ಬದಲಿಸಿದರು. ಅದೂ ಹತ್ತಲಿಲ್ಲ. ಕಡೆಗೆ ಅಕ್ಕನನ್ನು ಬೀಳಗಿಗೆ ಕರೆತಂದೆವು. ಒಂದು ಮಧ್ಯಾಹ್ನ ನಾನೊಬ್ಬನೇ ಪಕ್ಕದಲ್ಲಿದ್ದಾಗ ಕೇಳಿದಳು:

‘ಖರೆ ಹೇಳು ತಮ್ಮಾ. ಇಕಿ ಉಳಿಯಂಗಿಲ್ಲ, ಸುಮ್ನ ಯಾಕಂತ ಗುಳಗಿ ಬಂದ್ ಮಾಡಿದೇನು?’

‘ಇಲ್ಲ ಬೇ ಯಕ್ಕಾ. ಮಾಲು ಬಂದಿಲ್ಲ.’

‘ಅಷ್ಟು ದೊಡ್ಡ ಅಂಗಡಿ ಐತಿ. ನನಗ ಎರಡು ಗುಳಗಿ ಇಲ್ಲೇನು?’

ನಾನು ತಲೆ ತಗ್ಗಿಸಿ ಅವಳ ಕಾಲು ಒತ್ತುತ್ತಾ ಕೂತೆ. ಎಂಟು ದಿನಕ್ಕೆ ಅಕ್ಕ ಹೋದಳು, ತಮ್ಮ ಕೈಬಿಟ್ಟ ಎಂದೇ ತಿಳಿದು. ತಪ್ಪಾಯಿತು ಯಕ್ಕಾ ಎನ್ನುವ ಒಂದು ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ.