ಮಣ್ಣು ಸೇರದ ಮೂಳೆ

ಅಪ್ಪ ತೀರಿಕೊಂಡ ಮೂರನೆಯ ದಿನ ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಚೊಂಬಿನಲ್ಲಿ ಹಾಲು, ಬಟ್ಟಲಿನಲ್ಲಿ ತುಪ್ಪ ಹಿಡಿದುಕೊಂಡು ಅಂಗಳಕ್ಕೆ ಬಂದು ನಿಂತುಬಿಟ್ಟಳು. ನಮ್ಮ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತೇವೆ. ಮೂರನೆಯ ದಿನ ಆ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾಗಿದ್ದನ್ನೆಲ್ಲ ಎಲೆಯಲ್ಲಿ ಬಡಿಸಿ ಬರಬೇಕು. ಆಮೇಲೇ ಅವರ ಬಾಯಾರಿಕೆ ತೀರುವುದು ಎಂದು ನಂಬಿಕೆ. ಅಪ್ಪನಿಗೆ ಗುಡ್ಡೆಯೇ ಇರಲಿಲ್ಲ. ಅವರ ದೇಹ ಮಂಡ್ಯದ ಮೆಡಿಕಲ್ ಕಾಲೇಜಿನಲ್ಲಿತ್ತು.

“ಎಲ್ ಬುಡ್ಲಿ ಇದ್ನ?” ಎಂದಳು ಅವ್ವ. ಯಾರನ್ನು ಕೇಳಿದಳೋ ಗೊತ್ತಾಗಲಿಲ್ಲ.

ಅಪ್ಪ ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ನಮ್ಮೂರು ನಿಡಘಟ್ಟದಿಂದ ಒಳಗೆ. ಅಲ್ಲಿಂದ ಮದ್ದೂರಿಗೆ ಬಂದು, ಬಸ್ಸು ಬದಲಾಯಿಸಿ, ಸರ್ವೀಸು ಮುಗಿಯುವವರೆಗೂ ಓಡಾಡಿದರು. ಪಾಠವೆಂದರೆ ಅವರಿಗೆ ಹುಚ್ಚು, ಅದರಲ್ಲೂ ಮೂಳೆಗಳ ಪಾಠ. ಮನೆಗೆ ಬಂಡೂರು ಕುರಿ ಮಾಂಸ ಬಂದ ದಿನ ನಾವು ನೆಮ್ಮದಿಯಾಗಿ ಉಂಡದ್ದೇ ಇಲ್ಲ. ಚೀಪಿದ ಮೂಳೆಯನ್ನು ತಟ್ಟೆಯ ಅಂಚಿನಲ್ಲಿ ಜೋಡಿಸಿ, ಇದು ಕೀಲಿನ ತುದಿ, ಇದು ಪಕ್ಕೆಲುಬು ಎಂದು ಶುರು ಮಾಡುತ್ತಿದ್ದರು. ಒಂದನ್ನು ಒಡೆದು ಒಳಗಿನ ಜಾಲರಿಯನ್ನು ನಮ್ಮ ಕಣ್ಣಿಗೆ ಹಿಡಿಯುತ್ತಿದ್ದರು. ಹೊರಗೆ ಗಟ್ಟಿ ಚಿಪ್ಪು, ತುದಿಯಲ್ಲಿ ಸಣ್ಣ ಸಣ್ಣ ಕಂಬಗಳು, ಮಧ್ಯೆ ಮಜ್ಜೆ. ಭಾರ ಯಾವ ದಿಕ್ಕಿನಿಂದ ಬೀಳುತ್ತದೋ ಆ ದಿಕ್ಕಿಗೇ ಕಂಬಗಳು ನಿಂತಿರುತ್ತವೆ ಎನ್ನುವಾಗ ಅವರ ಮುಖ ಅರಳುತ್ತಿತ್ತು.

“ಉಣ್ಣೋದ್ನ ಉಣ್ಣಕ್ ಬುಡಿ. ಮಕ್ಳಿಗೆ ವಾಕರ್ಕೆ ಬರಂಗ್ ಮಾಡ್ತೀರ,” ಎಂದು ಅವ್ವ ರೇಗುತ್ತಿದ್ದಳು.

“ಇದು ಕಲ್ಲಲ್ಲ ಕಣೆ, ಜೀವ ಇರೋದು,” ಎನ್ನುತ್ತಿದ್ದರು ಅಪ್ಪ. “ದಿನಾ ಒಂದಿಷ್ಟು ಕೆಡವ್ತದೆ, ಒಂದಿಷ್ಟು ಕಟ್ತದೆ. ರಕ್ತ ಹುಟ್ಟೋದೂ ಇದರೊಳಗೇ. ನಿಮ್ಮಪ್ಪನ ಮನೆ ಹಗೇವು ಇತ್ತಲ್ಲ, ಹಂಗೆ. ಮೈಗೆ ಸುಣ್ಣದಂಶ ಕಮ್ಮಿಯಾದ್ರೆ ಇದ್ರಿಂದ್ಲೇ ತೆಗಿಯೋದು.” ಹಗೇವು ಎಂದರೆ ರಾಗಿ ತುಂಬಿಡುವ ನೆಲದ ಕಣಜ. ಅವ್ವನಿಗೆ ಅರ್ಥವಾಗಲೆಂದು ಹಾಗೆ ಹೇಳುತ್ತಿದ್ದರು. ಅವಳು ಅರ್ಥವಾಯಿತೆಂದಾಗಲಿ ಇಲ್ಲವೆಂದಾಗಲಿ ಹೇಳದೆ ಮುದ್ದೆ ಬಡಿಸುತ್ತಿದ್ದಳು.

ರಿಟೈರಾದ ಮೇಲೆ ಒಂದು ದಿನ ಅಪ್ಪ ಮಂಡ್ಯಕ್ಕೆ ಹೋಗಿ, ಸತ್ತ ಮೇಲೆ ದೇಹ ಕಾಲೇಜಿಗೆ ಎಂದು ಬರೆದುಕೊಟ್ಟು ಬಂದರು. “ನನ್ ಸ್ಕೂಲ್ನಲ್ಲಿ ಮಕ್ಳಿಗೆ ತೋರ್ಸಕ್ಕೆ ಒಂದ್ ನಿಜವಾದ ಮೂಳೆ ಇರ್ಲಿಲ್ಲ. ಬರೀ ಚಾರ್ಟು. ಮಣ್ಣಲ್ಲಿ ಗೆದ್ದಲು ನೋಡೋ ಬದ್ಲು ಓದೋ ಮಕ್ಳು ನೋಡ್ಲಿ,” ಎಂದರು. ನನಗೆ ಹೆಮ್ಮೆಯೇ ಆಯಿತು. ನಾನು ಮದ್ದೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವವಳು, ದಿನವೂ ಊರವರ ಮೂಳೆ ನೋಡಿಯೇ ಅನ್ನ ತಿನ್ನುವವಳು. ನನಗೆ ಅದರಲ್ಲಿ ಭಯವೇನೂ ಕಾಣಲಿಲ್ಲ. ಆದರೆ ಅವ್ವನನ್ನು ಒಂದು ಮಾತು ಕೇಳಬೇಕಿತ್ತು. ಅಪ್ಪ ಕೇಳಲಿಲ್ಲ. ಜಗತ್ತಿಗೆಲ್ಲ ಪಾಠ ಹೇಳುವವರು ಮನೆಯವಳಿಗೆ ಬರೀ ಸುದ್ದಿ ಹೇಳಿದರು. ಆ ಸಿಟ್ಟು ನನಗೆ ಇವತ್ತಿಗೂ ಇದೆ, ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಯಾರು ಎಷ್ಟು ಹೇಳಿದರೂ ಇದೆ.

ದೇಹವನ್ನು ವ್ಯಾನಿಗೆ ಏರಿಸುವಾಗ ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. “ನಾಯಿ ಸತ್ರೂ ಗುಂಡಿ ತೋಡ್ತೀವಿ. ನಮ್ಮಣ್ಣಂಗೆ ಒಂದ್ ಗುಂಡಿ ಇಲ್ವಲ್ಲಾ!” ಎಂದು ಎದೆ ಬಡಿದುಕೊಂಡ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಹಿಂದಿನಿಂದ ಯಾರೋ ಅಂದರು. ನಾಲಿಗೆಗೆ ಎಲುಬಿಲ್ಲ, ಹೇಗೆ ಬೇಕಾದರೂ ಹೊರಳುತ್ತದೆ. ನಾನು ಚಿಕ್ಕಪ್ಪನ ಕೈ ಹಿಡಿದು ಪಕ್ಕಕ್ಕೆ ಸರಿಸಿದೆ. ಅವ್ವ ಅಳುವುದನ್ನೂ ಮರೆತು ವ್ಯಾನು ಹೋದ ದಾರಿಯನ್ನೇ ನೋಡುತ್ತಿದ್ದಳು.

ಹಾಲು ತುಪ್ಪದ ದಿನ ಚಿಕ್ಕಪ್ಪನೇ ಒಂದು ಉಪಾಯ ಹೇಳಿದ. ಹೊಲದ ಮೂಲೆಯಲ್ಲಿ ತಾತನ ಗುಡ್ಡೆಯಿದೆ, ಅದಕ್ಕೇ ಬಿಡೋಣ, ಅಪ್ಪನಿಗೆ ಬಿಟ್ಟರೇನು ಮಗನಿಗೆ ಬಿಟ್ಟರೇನು ಎಂದ.

“ಮಾವನ್ ಗುಡ್ಡೆಗೆ ಬುಟ್ರೆ ಮಾವ ಕುಡೀತಾರೆ,” ಎಂದಳು ಅವ್ವ. “ನಿಮ್ಮಣ್ಣಂಗೇನು?”

ಆ ಮಾತಿಗೆ ಒಬ್ಬಿಬ್ಬರಿಗೆ ನಗು ಬಂತು. ಅವ್ವ ನಗಲಿಲ್ಲ. ಹಾಲನ್ನು ಒಳಗೆ ತೆಗೆದುಕೊಂಡು ಹೋಗಿ ಒಲೆಯ ಪಕ್ಕ ಇಟ್ಟಳು. ಸಂಜೆಯ ಹೊತ್ತಿಗೆ ಅದು ಒಡೆದುಹೋಗಿತ್ತು. ಅದನ್ನು ಚೆಲ್ಲುವುದಕ್ಕೂ ಯಾರಿಗೂ ಧೈರ್ಯ ಬರಲಿಲ್ಲ.

ತಿಥಿ ಮುಗಿಯಿತು, ಪಿತೃಪಕ್ಷ ಬಂತು. ಫೋಟೋದ ಮುಂದೆ ಎಡೆ ಇಟ್ಟೆವು. ಅವ್ವ ಕೈ ಮುಗಿದಳು, ಆದರೆ ಮನಸ್ಸು ಅಲ್ಲಿರಲಿಲ್ಲ. ಊಟಕ್ಕೆ ಕೂತವಳು ತುತ್ತು ಬಾಯಿಗಿಡುವ ಮೊದಲು, “ಅವ್ರಿಗ್ ನೀರಡ್ಕೆ ಆಯ್ತದೇನೋ,” ಎನ್ನುವಳು. ಸತ್ತವರಿಗೆ ಎಂಥ ನೀರಡಿಕೆ ಎಂದು ಬಾಯಿಗೆ ಬಂದದ್ದನ್ನು ನಾನು ಎಷ್ಟೋ ಸಲ ನುಂಗಿಕೊಂಡೆ. ವಿಜ್ಞಾನದ ಮೇಷ್ಟ್ರ ಮಗಳು ನಾನು. ಆದರೂ ಅವಳ ಮುಖ ನೋಡಿದರೆ ನನ್ನ ಗಂಟಲೂ ಒಣಗುತ್ತಿತ್ತು.

ಆಮೇಲೆ ಅವ್ವನಿಗೆ ಬೆನ್ನು ನೋವು ಶುರುವಾಯಿತು. ನೀರಿನ ಬಿಂದಿಗೆ ಎತ್ತಿದಾಗ ಏನೋ ಚಟ್ ಎಂದಿತಂತೆ. ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿ, ನನ್ನ ಅವ್ವನನ್ನು ನಾನೇ ಮೇಜಿನ ಮೇಲೆ ಮಲಗಿಸಿ ಎಕ್ಸ್‌ರೇ ತೆಗೆದೆ. ಪರದೆಯ ಮೇಲೆ ಚಿತ್ರ ಬಂತು. ಚೆನ್ನಾಗಿರುವ ಮೂಳೆ ಬೆಳ್ಳಗೆ ಕಾಣುತ್ತದೆ. ಅವ್ವನ ಬೆನ್ನುಮೂಳೆ ಮಾಸಿದ ಬಟ್ಟೆಯ ಹಾಗೆ ಬೂದಿ ಬಣ್ಣಕ್ಕಿತ್ತು. ಒಂದು ಮಣಿ ಮುಂಭಾಗದಲ್ಲಿ ಕುಸಿದು, ಮೇಲಿನ ಮಣಿ ಅದರ ಮೇಲೆ ವಾಲಿಕೊಂಡಿತ್ತು. ವಯಸ್ಸಾದ ಹೆಂಗಸರಲ್ಲಿ ಕಟ್ಟುವ ಕೆಲಸ ನಿಧಾನವಾಗಿ, ಕೆಡವುವ ಕೆಲಸವೇ ಮುಂದಾಗುತ್ತದೆ. ಒಳಗಿನ ಕಂಬಗಳು ಒಂದೊಂದಾಗಿ ಸವೆದು, ಒಂದು ದಿನ ಬಿಂದಿಗೆಯ ಭಾರಕ್ಕೂ ಮೂಳೆ ಮಣಿದುಬಿಡುತ್ತದೆ. ಇದನ್ನು ನಾನು ಎಷ್ಟೋ ಜನ ಅಜ್ಜಿಯರಲ್ಲಿ ನೋಡಿದ್ದೆ. ನಮ್ಮನ್ನೆಲ್ಲ ಹೆತ್ತು, ಹಾಲೂಡಿಸಿ, ಗದ್ದೆಯ ಕೆಸರಲ್ಲಿ ಬಗ್ಗಿ ನಿಂತ ಬೆನ್ನಿನಲ್ಲಿ ನೋಡಿರಲಿಲ್ಲ.

ಅವ್ವ ಮೆಲ್ಲಗೆ ಎದ್ದು ಬಂದು ನನ್ನ ಪಕ್ಕ ನಿಂತಳು.

“ಇದು ನಾನಾ?”

“ಹೂಂ ಕಣವ್ವ.”

ತುಂಬ ಹೊತ್ತು ನೋಡಿದಳು. “ನಿಮ್ಮಪ್ಪನೂ ಈಗ ಇಂಗೇ ಅವ್ರಾ?”

ಅಪ್ಪ ಇನ್ನೂ ಮೂಳೆಯಾಗಿರಲಿಲ್ಲ. ಕೆಡದ ಹಾಗೆ ಔಷಧಿ ತುಂಬಿದ ದೇಹವಾಗಿ ಮಲಗಿದ್ದರು, ಅದರ ಮೇಲೆ ಮಕ್ಕಳು ಕಲಿಯುತ್ತಿದ್ದರು. ಅದೆಲ್ಲ ನನಗೆ ಗೊತ್ತಿತ್ತು. “ಇನ್ನೂ ಇಲ್ಲ,” ಎಂದಷ್ಟೇ ಹೇಳಿದೆ.

“ಅಂಗಾರೆ ಅಷ್ಟ್ರೊಳ್ಗೆ ಒಂದ್ ಸಲ ನೋಡ್ಕಂಡ್ ಬರಾನ ನಡಿ,” ಎಂದಳು.

ಬೇಡವೆಂದರೆ ಕೇಳುವವಳಲ್ಲ. ಬೆನ್ನಿಗೆ ಬೆಲ್ಟು ಕಟ್ಟಿಕೊಂಡೇ ಮಂಡ್ಯದ ಬಸ್ಸು ಹತ್ತಿದಳು. ಕಾಲೇಜಿನಲ್ಲಿ ಅಂಗರಚನಾ ವಿಭಾಗದ ಮೇಡಂ ಒಬ್ಬರು, ನನಗಿಂತ ಚಿಕ್ಕವರು, ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಒಳಗೆ ಬಿಡಲು ಆಗುವುದಿಲ್ಲ ಎಂದು ಸಂಕಟದಿಂದಲೇ ಹೇಳಿದರು. “ನಮ್ಮ ಮಕ್ಕಳು ಮೊದಲನೇ ದಿನ ಕೈ ಮುಗಿದೇ ಶುರು ಮಾಡೋದು ಅಮ್ಮಾ. ಅವರನ್ನ ಗುರುಗಳು ಅಂತಲೇ ನೋಡ್ತಾರೆ,” ಎಂದರು.

“ಅದ್ ಸರಿ ಕಣವ್ವ,” ಎಂದಳು ಅವ್ವ. “ನಂಗೊಂದ್ ಕಿರುಬೆಳ್ಳಿನ ಮೂಳೆ ಕೊಟ್ಬುಡು. ಜಾಸ್ತಿ ಬ್ಯಾಡ. ವಲದಲ್ಲಿ ಮಣ್ಣು ಮಾಡಿ ಆಲು ತುಪ್ಪ ಬುಡ್ತೀನಿ.”

ಮೇಡಂ ಕಣ್ಣು ತಗ್ಗಿಸಿದರು. ಅದು ತಮ್ಮ ಕೈಯಲ್ಲಿಲ್ಲ ಎಂದರು. ಕೊನೆಗೆ, ಮೂಳೆಗಳನ್ನು ಎಲ್ಲಿ ಇಡುತ್ತಾರೆ ಎಂದಾದರೂ ತೋರಿಸಿ ಎಂದು ನಾನೇ ಕೇಳಿದೆ. ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಗಳು. ಒಂದನ್ನು ತೆರೆದರು. ಒಳಗೆ ತೊಡೆಯ ಮೂಳೆಗಳು ಒಂದರ ಪಕ್ಕ ಒಂದು ತುಂಬಿಕೊಂಡಿದ್ದವು. ಇನ್ನೊಂದರಲ್ಲಿ ಅಂಗೈ, ಬೆರಳಿನವು. ಮತ್ತೊಂದರಲ್ಲಿ ಬೆನ್ನಿನ ಮಣಿಗಳು.

“ಯಾರ್ದು ಯಾವ್ದು ಅಂತ ಎಂಗ್ ಗೊತ್ತಾಯ್ತದೆ?” ಎಂದಳು ಅವ್ವ.

“ಯಾರದು ಅಂತ ಇಡಲ್ಲಮ್ಮ. ಯಾವುದು ಅಂತ ಮಾತ್ರ.”

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಎದುರಿಗೆ ಬಿಳಿ ಕೋಟಿನ ಮಕ್ಕಳು ನಗುತ್ತ ಓಡಾಡುತ್ತಿದ್ದರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, “ನಾನೂ ಇಲ್ಲಿಗೇ ಬತ್ತೀನಿ ಕಣ್ ಮಗ. ನಾನ್ ಸತ್ ಮ್ಯಾಲೆ ಇಲ್ಲಿಗೇ ತಂದ್ ಬುಡು,” ಎಂದಳು.

ನನಗೆ ಎಲ್ಲಿತ್ತೋ ಕೋಪ. “ಇಷ್ಟು ದಿನ ಮಣ್ಣು ಮಣ್ಣು ಅಂತ ನನ್ನ ಜೀವ ತಿಂದೆ. ಈಗ ನೀನೂ ಇಲ್ಲಿಗಾ?”

“ಮಣ್ಣು ಅವ್ರಿಗೆ ಬೇಕಿತ್ತು ಅಂದೆ. ನಂಗ್ ಬೇಕು ಅಂದ್ನಾ?” ಎಂದವಳು, ಬೆನ್ನಿನ ಬೆಲ್ಟು ಸರಿಮಾಡಿಕೊಂಡು, “ನಮ್ಮಿಬ್ರುನ್ನೂ ಒಂದೇ ಕಡೆ ಮಡಗ್ತಾರಾ?” ಎಂದಳು.

ಹೂಂ ಎಂದುಬಿಡಬಹುದಿತ್ತು. ನನ್ನ ಬಾಯಲ್ಲಿ ಸುಳ್ಳು ಬರಲಿಲ್ಲ. “ಇಲ್ಲ ಕಣವ್ವ. ನೀನೇ ನೋಡಿದ್ಯಲ್ಲ. ಅಪ್ಪನ್ನ ಅಪ್ಪ ಅಂತ ಇಡಲ್ಲ. ತೊಡೆ ಮೂಳೆ ಒಂದು ಪೆಟ್ಟಿಗೇಲಿ, ಬೆನ್ನು ಒಂದರಲ್ಲಿ, ಕೈ ಒಂದರಲ್ಲಿ. ಎಲ್ಲ ಬೇರೆ ಬೇರೆ ಮಾಡಿಬಿಡ್ತಾರೆ. ನೀನು ಬಂದ್ರೂ ಅಷ್ಟೇ.” ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಎಷ್ಟು ಜನ ನೋಡಿದರೂ ತಡೆಯಲಾಗಲಿಲ್ಲ.

ಅವ್ವ ಅಳಲಿಲ್ಲ. ಕೋಣೆಯ ಬಾಗಿಲ ಕಡೆ ತಿರುಗಿ ಏನನ್ನೋ ಲೆಕ್ಕ ಹಾಕುವವಳ ಹಾಗೆ ನೋಡಿದಳು.

“ಅಂಗಾರೆ ನನ್ ಕೈಯೂ ಅವ್ರ್ ಕೈಯೂ ಒಂದೇ ಪೆಟ್ಟಿಗೇಲಿ ಇರ್ತವೆ,” ಎಂದಳು. “ಅಷ್ಟ್ ಸಾಕ್ ಬುಡು.”