ವಾಲ್ವಿಗೊಂದು ಅಮಾವಾಸ್ಯೆ

ಸೋಪು ಹಚ್ಚಿ ಎರಡು ಸಲ ತೊಳೆದರೂ ಕೈಯಿಂದ ಕೊಬ್ಬರಿ ಎಣ್ಣೆಯ ವಾಸನೆ ಹೋಗಿಲ್ಲ. ಅದರೊಳಗೆ ತುಕ್ಕಿನ ವಾಸನೆಯೂ ಸೇರಿದೆ. ಇವತ್ತು ಅಮಾವಾಸ್ಯೆ ಅಲ್ಲವೇ, ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ನೀರಿನ ವಾಲ್ವುಗಳಿಗೆಲ್ಲ ಎಣ್ಣೆ ಹಚ್ಚಿ ಬಂದೆ. ನಗಬೇಡಿ. ಕಾಲೇಜಿನಲ್ಲಿ ಇಡೀ ಆಯುಷ್ಯ ಭೌತಶಾಸ್ತ್ರ ಹೇಳಿದವನು ನಾನು. ಈ ಚಟ ಹತ್ತಿಸಿದವನು ಪಕ್ಕದ ಗೋಗಿ ಊರಿನ ಬಸಣ್ಣ.

ಶಹಾಪುರದಲ್ಲಿ ಮೂರು ಮಹಡಿಯ ನಮ್ಮ ಕಟ್ಟಡ ಎದ್ದಾಗ ಬಸಣ್ಣ ವಾಚ್‌ಮನ್ ಆಗಿ ಬಂದ. ಅದಕ್ಕೂ ಮೊದಲು ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ ಮಾಡಿದ್ದನಂತೆ. ಎತ್ತು ಕಟ್ಟಿದ ಮನೆತನ. ಅಮಾವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇಡದೆ, ಮೈ ತೊಳೆದು ಕೋಡಿಗೆ ಎಣ್ಣೆ ಸವರುವ ಪದ್ಧತಿಯನ್ನು ಆತ ನಮ್ಮ ಕಟ್ಟಡಕ್ಕೂ ತಂದ. ಆ ದಿನ ಬೆಳಿಗ್ಗೆ ಮೋಟಾರು ಬಂದ್. ಟ್ಯಾಂಕಿನಿಂದ ಹಿಡಿದು ಕೆಳಗಿನವರೆಗೆ ಒಂದೊಂದೇ ವಾಲ್ವನ್ನು ಪೂರ್ತಿ ಮುಚ್ಚಿ, ಪೂರ್ತಿ ತೆಗೆದು, ಎಣ್ಣೆ ಹಚ್ಚುತ್ತಿದ್ದ. ತೆಂಗಿನಕಾಯಿ, ಊದಿನಕಡ್ಡಿಯೂ ಇರುತ್ತಿದ್ದವು. "ಎತ್ತಿಗಿ ರಜಾ ಕೊಡ್ತೀವಿ, ಮೋಟಾರಿಗಿ ಯಾಕ ಬ್ಯಾಡ್ರಿ ಸರ?" ಎನ್ನುತ್ತಿದ್ದ. ಬಿಗಿಯಾದ ವಾಲ್ವಿಗೆ "ತಿರುಗಪಾ, ಮುದ್ದು ತಿರುಗು" ಎಂದು ಮಾತಾಡಿಸುವುದನ್ನೂ ಕೇಳಿದ್ದೇನೆ. ನಾನಾದರೋ ನನ್ನ ವಿದ್ಯಾರ್ಥಿಗಳನ್ನು ಅಷ್ಟು ಪ್ರೀತಿಯಿಂದ ಮಾತಾಡಿಸಿದವನಲ್ಲ.

ತೊಂದರೆ ಏನೆಂದರೆ, ಅಮಾವಾಸ್ಯೆಯ ದಿನವೇ ಮನೆಮನೆಯಲ್ಲೂ ತಲೆಸ್ನಾನ, ಹೋಳಿಗೆ, ಪೂಜೆ. ಆಗಲೇ ಎರಡು ತಾಸು ನೀರಿಲ್ಲವೆಂದರೆ ಯಾರು ಸುಮ್ಮನಿರುತ್ತಾರೆ? ಆಗ ನಾನು ಕಾರ್ಯದರ್ಶಿ. ಕುರ್ಚಿ ಸಿಕ್ಕವನಿಗೆ ವಿಚಾರವಂತಿಕೆ ತುಸು ಹೆಚ್ಚಾಗುತ್ತದೆ. ಮೀಟಿಂಗ್ ಕರೆದು, ವಾಲ್ವಿಗೆ ತಿಥಿ ನಕ್ಷತ್ರ ತಿಳಿಯುವುದಿಲ್ಲ, ಅಮಾವಾಸ್ಯೆಯ ಈ ಎಣ್ಣೆ ಪದ್ಧತಿ ಸಾಕು, ಕೆಟ್ಟಾಗ ರಿಪೇರಿ ಮಾಡಿಸಿದರಾಯಿತು, ಒಪ್ಪಿಗೆ ಇದ್ದವರು ಕೈ ಎತ್ತಿ ಎಂದೆ. ನಾನು ಕಾಗದದ ಮೇಲೆ ಠರಾವು ಗೀಚುವಷ್ಟರಲ್ಲಿ ಎಲ್ಲ ಕೈಗಳೂ ಎದ್ದಿದ್ದವು. ಬಾಗಿಲ ಬಳಿ ನಿಂತಿದ್ದ ಬಸಣ್ಣ "ಆತ್ರಿ" ಎಂದನಷ್ಟೇ.

ಒಂದು ವರ್ಷ ಏನೂ ಆಗಲಿಲ್ಲ. ನಾನು ಒಳಗೊಳಗೇ ಬೀಗಿದೆ.

ಒಂದು ಮಧ್ಯಾಹ್ನ ಎರಡನೆಯ ಮಹಡಿಯ ಬೀಗ ಹಾಕಿದ ಮನೆಯೊಂದರಲ್ಲಿ ಪೈಪು ಕಿತ್ತುಹೋಯಿತು. ಅದರ ಕೆಳಗೆ ಶಾಂತಮ್ಮನ ಮನೆ. ಮರುದಿನ ಆಕೆಯ ಬಸುರಿ ಮಗಳ ಕುಬಸ, ಅಂದರೆ ಸೀಮಂತ. ಎಂಟು ದಿನ ಕೂತು ಬಡಿದು, ಒಣಗಿಸಿ, ಬಿಳಿ ಬಟ್ಟೆ ಹೊದಿಸಿ ಇಟ್ಟಿದ್ದ ಸಜ್ಜೆ ರೊಟ್ಟಿಯ ರಾಶಿಯ ಮೇಲೆ ಸೂರಿನಿಂದ ನೀರು ಸುರಿಯತೊಡಗಿತು. ನಾನು ಮೇಲೆ ಓಡಿ ಟ್ಯಾಂಕಿನ ವಾಲ್ವಿಗೆ ಜೋತುಬಿದ್ದೆ. ಅದು ಅಲುಗಲಿಲ್ಲ. ಸುತ್ತಿಗೆಯಿಂದ ಹೊಡೆದೆ. ಭೌತಶಾಸ್ತ್ರದ ಸೂತ್ರವೆಲ್ಲ ಬೆವರಾಗಿ ಇಳಿಯಿತು.

ರಜೆಯ ಮೇಲೆ ಊರಲ್ಲಿದ್ದ ಬಸಣ್ಣ ಫೋನು ಹೋದದ್ದೇ ಶೇರ್ ಆಟೋ ಹಿಡಿದು ಬಂದ. ಎಣ್ಣೆ ಬಿಟ್ಟು, ಹಿಂದಕ್ಕೊಂದಿಷ್ಟು, ಮುಂದಕ್ಕೊಂದಿಷ್ಟು ಆಡಿಸುತ್ತ ವಾಲ್ವನ್ನು ಮುಚ್ಚಿದ. ಅಷ್ಟರಲ್ಲಿ ಟ್ಯಾಂಕು ಮುಕ್ಕಾಲು ಖಾಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಕೆಳಗೆ ಶಾಂತಮ್ಮ ಮುದ್ದೆಯಾದ ರೊಟ್ಟಿ ಹಿಡಿದು ಕೂತಿದ್ದಳು. ಮಂದಿ ಸೇರಿದ್ದರು. "ವಾಲ್ವ್ ಯಾರ್ ನೋಡ್ಕೋಬೇಕಿತ್ತ?" ಎಂದು ಯಾರೋ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬಸಣ್ಣ ಆಕೆಯ ಮುಂದೆ ಕೈ ಮುಗಿದ. "ತಪ್ಪು ನಂದದ ಅಕ್ಕಾ. ಬ್ಯಾಡಂದ್ರೂ ನಾ ತಿರುವಬೇಕಿತ್ತ."

ತೆರೆದ ಬಾಯಿಯನ್ನು ನಾನು ಹಾಗೆಯೇ ಮುಚ್ಚಿದೆ. ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಎಲ್ಲ ಮನೆಯ ಹೆಂಗಸರೂ ಕೂತು ರೊಟ್ಟಿ ಬಡಿದರು, ಕುಬಸ ಚೆಂದಾಗಿಯೇ ಆಯಿತು. ಆದರೆ ಬಸಣ್ಣನ ಅಲಕ್ಷ್ಯದಿಂದ ಹೀಗಾಯಿತು ಎಂಬ ಮಾತು ಮಾತ್ರ ಕಟ್ಟಡದಲ್ಲಿ ಉಳಿಯಿತು. ಕೆಲವು ತಿಂಗಳಲ್ಲಿ ಆತ "ಮೊಣಕಾಲು ನೋಯ್ತಾವ್ರಿ" ಎಂದು ಕೆಲಸ ಬಿಟ್ಟ. ಹೋಗುವಾಗ ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟ. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ನಾನೇ ವಾಲ್ವು ತಿರುವಿ ಎಣ್ಣೆ ಹಚ್ಚುತ್ತೇನೆ; ನಮ್ಮಲ್ಲಿ ಗಡಿಬಿಡಿಯ ರಿಪೇರಿಗೆ ಯಾರನ್ನೂ ಕರೆದಿಲ್ಲ. ಎಲ್ಲರೂ ನನ್ನನ್ನೇ ಹೊಗಳುತ್ತಾರೆ.

ಇವತ್ತು ಬೆಳಿಗ್ಗೆಯೂ ಶಾಂತಮ್ಮ ಮೆಟ್ಟಿಲ ಮೇಲೆ ನಿಂತು, "ನೀವ್ ಇದ್ದೀರಂತ ನಮ್ಮ ಮನಿ ಸೋರವಲ್ದು ನೋಡ್ರಿ ಸರ" ಎಂದಳು. ಯಾಕೋ ಇವತ್ತು ಆ ಹೊಗಳಿಕೆಯನ್ನು ಸುಮ್ಮನೆ ತೆಗೆದುಕೊಳ್ಳಲಾಗಲಿಲ್ಲ. ಎಣ್ಣೆ ಕೈಯಲ್ಲೇ ನಿಂತು ಹೇಳಿಬಿಟ್ಟೆ.

"ಅಕ್ಕಾ, ಅವತ್ತಿನ ತಪ್ಪು ಬಸಣ್ಣಂದಲ್ಲ. ನಂದು. ಆತನ ಕೈ ಕಟ್ಟಿಸಿದಾವ ನಾನು."

ಶಾಂತಮ್ಮ ಸೆರಗಿನ ಅಂಚು ತಿರುವಿದಳು. "ಗೊತ್ತದ್ರಿ ಸರ. ಆ ಮೀಟಿಂಗಿನ್ಯಾಗ ಎಲ್ಲಾರಕಿಂತ ಮೊದಲ ಕೈ ಎತ್ತದಾಕಿ ನಾನ. ನೀವು ತೆಲಿ ತೆಳಗ ಹಾಕಿ ಬರಕೋತ ಇದ್ರಿ, ನೋಡ್ಲಿಲ್ಲ."

ನಾನು ಎಣ್ಣೆಯ ಬಟ್ಟಲನ್ನು ಮೆಟ್ಟಿಲ ಮೇಲೆ ಇಟ್ಟೆ. ಆಕೆಯೇ ಮುಂದುವರಿಸಿದಳು.

"ಗೋಗಿಗಿ, ಬಸಣ್ಣನ ಮನಿಗಿ ನಾಳಿ ಹೋಗಿ ಬರೂಣೇನ್ರಿ? ರೊಟ್ಟಿ ನಾ ಕಟ್ಕೊಂಡ್ ಬರ್ತೀನಿ. ಮಾತು ನೀವ್ ಮೊದಲ ಆಡ್ರಿ."